ಮೊದಲು ಫ್ಲಶ್ ಟ್ಯಾಂಕ್ ಮುಚ್ಚಳ ತೆಗೆಯಿರಿ

ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಲೆಕ್ಕ ನೋಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಪರಿಸರಕ್ಕೆ ಏನಾದ್ರೂ ಮಾಡ್ಬೇಕು ಸಾರ್, ಎಲ್ಲಿಂದ ಶುರು ಮಾಡೋಣ?" ಬಿದಿರಿನ ಬ್ರಷ್, ಬಟ್ಟೆ ಚೀಲ ಆಗಲೇ ಮನೆಗೆ ಬಂದಿರುತ್ತವೆ. ಬರಲಿ, ಒಳ್ಳೆಯದೇ. ಆದರೆ ದಿನಾ ನೆನಪಿಟ್ಟು ಮಾಡಬೇಕಾದದ್ದು ಸಾಮಾನ್ಯವಾಗಿ ಹದಿನೈದು ದಿನಕ್ಕೆ ನಿಲ್ಲುತ್ತದೆ. ಒಂದು ಸಲ ಸ್ಪ್ಯಾನರ್ ಹಿಡಿದು ಮುಗಿಸಿದ್ದು ವರ್ಷಗಟ್ಟಲೆ ನಡೆಯುತ್ತದೆ.

ಬೆಂಗಳೂರಲ್ಲಿ ನೀರು ಉಳಿಸಿದರೆ ಕರೆಂಟೂ ಉಳಿಯುತ್ತದೆ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲೆ ಹತ್ತಿಸುತ್ತಾರೆ. ಅಷ್ಟೆತ್ತರಕ್ಕೆ 1000 ಲೀಟರ್ ಏರಿಸಲು ಒಂದೂವರೆ ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಜಲಮಂಡಳಿಯ ಖರ್ಚಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲೇ.

ಇನ್ನು ಫ್ಲಶ್ ಟ್ಯಾಂಕ್. ಅದರ ನೀರಿಗೆ ಸ್ವಲ್ಪ ಬೀಟ್‌ರೂಟ್ ರಸ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನೊಳಗೆ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ನಲ್ಲಿ ತೊಟ್ಟಿಕ್ಕಿದರೆ ಮನೆಮಂದಿಯೆಲ್ಲ ಗೊಣಗುತ್ತಾರೆ. ಇದು ಸದ್ದಿಲ್ಲದೆ ತಿಂಗಳುಗಟ್ಟಲೆ ಸೋರುತ್ತಿರುತ್ತದೆ. ಹಳೇ ಟ್ಯಾಂಕುಗಳು ಒಂದು ಸಲಕ್ಕೆ 10 ಲೀಟರ್‌ವರೆಗೂ ಬಿಡುತ್ತವೆ. ಎರಡು ಗುಂಡಿಯದು 3 ಇಲ್ಲವೇ 6 ಲೀಟರ್. ಹೊಸದಕ್ಕೆ ಈಗ ದುಡ್ಡಿಲ್ಲವೇ? ನೀರು ತುಂಬಿದ 1 ಲೀಟರ್ ಬಾಟಲಿ ಒಳಗಿಡಿ, ಪ್ರತಿ ಸಲವೂ ಅಷ್ಟು ಉಳಿಯುತ್ತದೆ. ಇಟ್ಟಿಗೆ ಮಾತ್ರ ಬೇಡ. ಅದು ಕರಗಿ, ಪುಡಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ.

ನಲ್ಲಿಯ ಬಾಯಿಗೆ ಹಾಕುವ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಕಡಿಮೆ ಬಿಡುವ ಪುಟ್ಟ ಜಾಲರಿ, ನಿಮಗೆ ಗೊತ್ತಿರಬಹುದು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಅದನ್ನು ಕಡ್ಡಾಯ ಮಾಡಿತು. ಆಗ ಎಲ್ಲ ನಲ್ಲಿಗೂ ಹಾಕಿಸಿದವರಿದ್ದಾರೆ. ಬಕೆಟ್ ತುಂಬುವ ನಲ್ಲಿಗೆ ಹಾಕಿ ಏನು ಪ್ರಯೋಜನ? ಬಕೆಟ್ಟಿಗೆ ಹಿಡಿಯುವಷ್ಟು ನೀರು ಬೇಕೇ ಬೇಕು, ಸುಮ್ನೆ ಕಾಯುವುದು ಜಾಸ್ತಿ. ಸಿಂಕ್, ವಾಷ್ ಬೇಸಿನ್ನಿಗೆ ಹಾಕಿ, ಅಲ್ಲಿ ನೀರು ಅರ್ಧಕ್ಕಿಳಿಯುತ್ತದೆ. ಬೋರ್‌ವೆಲ್ ನೀರಾದರೆ ಜಾಲರಿಗೆ ಉಪ್ಪು ಕಟ್ಟುತ್ತದೆ. ಆಗಾಗ ಬಿಚ್ಚಿ ನಿಂಬೆರಸದಲ್ಲಿ ನೆನೆಸಿ ಉಜ್ಜಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬಹಳ ಮನೆಗಳಲ್ಲಿ ಅದು ಕಿತ್ತು ಡ್ರಾಯರ್ ಸೇರಿರುತ್ತದೆ.

ನೀರಿನ ಉಪ್ಪು ತೆಗೆಯುವ ಆರ್‌ಓ ಯಂತ್ರದ ಬಗ್ಗೆ ಒಂದೇ ಮಾತು. ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣ, 500 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ, ಸಾದಾ ಫಿಲ್ಟರ್ ಸಾಕು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುವ ಯಂತ್ರ ಅದು. ಬೋರ್‌ವೆಲ್ ಮನೆಯವರಿಗೆ ಬೇಕೇ ಬೇಕು ಎಂದಾದರೆ, ಬಿಟ್ಟ ನೀರನ್ನು ನೆಲ ಒರೆಸಲು ಬಳಸಿ. ಗಿಡಕ್ಕೆ ದಿನಾ ಹಾಕಬೇಡಿ, ಮಣ್ಣಿಗೆ ಉಪ್ಪು ಏರುತ್ತದೆ.

ಇದೆಲ್ಲಕ್ಕಿಂತ ದೊಡ್ಡದು ಮನೆಮನೆಗೂ ಮೀಟರ್. ಚದರಡಿ ಲೆಕ್ಕದಲ್ಲಿ ನೀರಿನ ದುಡ್ಡು ಕಟ್ಟುವ ಕಡೆ, ಉಳಿಸಿದವರಿಗೆ ಸಿಗುವುದೇನು? ಇಬ್ಬರೇ ಇರುವ ಮನೆಯೂ ಆರು ಜನರ ಮನೆಯೂ ಒಂದೇ ಬಿಲ್ ಕಟ್ಟುತ್ತವೆ. ಹಳೇ ಕಟ್ಟಡಗಳಲ್ಲಿ ಒಂದು ಫ್ಲಾಟಿಗೆ ಮೂರು ನಾಲ್ಕು ಕಡೆಯಿಂದ ಪೈಪ್ ಬರುವುದರಿಂದ ಅಷ್ಟೂ ಮೀಟರ್ ಬೇಕು, ಖರ್ಚಾಗುತ್ತದೆ ನಿಜ. ಆದರೂ ಮಾಡಿಸಿ. ಸಂಘದ ಸಭೆಗೆ ಹೋಗುವ ಮುಂಚೆ ಎಷ್ಟು ಪೈಪ್ ಎಂದು ಪ್ಲಂಬರ್ ಹತ್ತಿರ ಎಣಿಸಿಟ್ಟುಕೊಳ್ಳಿ. "ಇದೆಲ್ಲ ಆಗಲ್ಲ" ಅನ್ನುವವರು ಅಲ್ಲಿ ಇದ್ದೇ ಇರುತ್ತಾರೆ.