ಪಾರ್ಕಿನಲ್ಲಿ ಕಂಡಿದ್ದು ನವರಂಗಾನಾ?

ಪ್ರಶ್ನೆ: ತುಮಕೂರಿನ ನಮ್ಮ ಬಡಾವಣೆ ಪಾರ್ಕಲ್ಲಿ, ಹೊಂಗೆ ಮರದ ಕೆಳಗೆ ಬಣ್ಣಬಣ್ಣದ ಮೋಟು ಬಾಲದ ಹಕ್ಕಿ ಕಂಡಿತು. ನವರಂಗ ಇರಬಹುದಾ? ಅದು ಊರೊಳಗೂ ಬರುತ್ತಾ?

ಬರುತ್ತೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಂಡಿದ್ದರಂತೂ ಆ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣದ ಕಡೆ, ಶ್ರೀಲಂಕಾದವರೆಗೂ ಹೊರಡುವ ಹಕ್ಕಿ ಇದು. ಹಾರುವುದು ರಾತ್ರಿ ಹೊತ್ತು. ಬೆಳಗಾಗುವಷ್ಟರಲ್ಲಿ ಸುಸ್ತಾಗಿ, ಎಲ್ಲಿ ಒಂದಿಷ್ಟು ನೆರಳು, ತರಗೆಲೆ, ಹಸಿ ಮಣ್ಣು ಸಿಗುತ್ತೋ ಅಲ್ಲೇ ಇಳಿದುಬಿಡುತ್ತದೆ. ದೇವರಾಯನದುರ್ಗದ ಕಾಡು ಪಕ್ಕದಲ್ಲೇ ಇದ್ದರೂ ಪಾರ್ಕಿಗೋ, ಯಾರದೋ ಹಿತ್ತಲಿಗೋ ಬರುವುದು ಹೀಗೆ.

ಗಾತ್ರ ಹೆಚ್ಚುಕಮ್ಮಿ ಪಿಕಳಾರದಷ್ಟು. ಕಣ್ಣಿನ ಮೇಲೆ ಹಾದುಹೋಗುವ ದಪ್ಪ ಕಪ್ಪು ಪಟ್ಟಿ, ಬಿಳಿ ಗಂಟಲು, ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದ ಬುಡದಲ್ಲಿ ಕಡುಕೆಂಪು. ಆ ನೀಲಿ ನೋಡಿ ಕೆಲವರು ಮಿಂಚುಳ್ಳಿ ಅಂದುಕೊಳ್ಳುತ್ತಾರೆ. ಆದರೆ ಬಿಳಿಗಂಟಲಿನ ಮಿಂಚುಳ್ಳಿಯ ಕೊಕ್ಕು ಉದ್ದ, ದಪ್ಪ, ಕೆಂಪು. ಅದು ತಂತಿ ಮೇಲೋ ಕೊಂಬೆ ಮೇಲೋ ಕೂತು ಹೊಂಚು ಹಾಕುತ್ತದೆ. ನವರಂಗ ನೆಲದಲ್ಲಿ ಕುಪ್ಪಳಿಸುತ್ತದೆ. ಕೊಕ್ಕಿನಲ್ಲಿ ಒಂದು ಎಲೆ ಎತ್ತಿ ಆಚೆ ಎಸೆಯುತ್ತೆ, ಅಡಿಯಲ್ಲಿ ಎರೆಹುಳುವೋ ಹುಳವೋ ಇದ್ದರೆ ಹಿಡಿಯುತ್ತೆ, ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತೆ, ಆಮೇಲೆ ಇನ್ನೊಂದು ಎಲೆ. ಬಣ್ಣ ಸರಿಯಾಗಿ ಕಾಣದಿದ್ದರೂ ಈ ನಡವಳಿಕೆ ಕಂಡರೆ ಅನುಮಾನ ಬಹುತೇಕ ಬಗೆಹರಿಯುತ್ತದೆ.

ಮತ್ತೆ ನೋಡಬೇಕಾದರೆ ಮುಂಜಾನೆ ಅಥವಾ ಮುಸ್ಸಂಜೆ ಹೋಗಿ. ಕೊಂಬೆ ಬಿಟ್ಟು ಪೊದೆಯ ಬುಡ ನೋಡಿ. ಎರಡೇ ಸ್ವರದ ಜೋರು ಶಿಳ್ಳೆ ಆ ಹೊತ್ತಿಗೇ ಕೇಳುತ್ತದೆ. ದಯವಿಟ್ಟು ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ರಾತ್ರಿಯೆಲ್ಲ ಹಾರಿ ಬಂದ ಹಕ್ಕಿಗೆ ಬೇಕಾಗಿರುವುದು ಊಟ ಮತ್ತು ವಿಶ್ರಾಂತಿ, ಅಲ್ವಾ?

ನನಗೆ ನಿಜಕ್ಕೂ ಸಂಕಟ ಆಗುವುದು ಪಾರ್ಕಿನ ತರಗೆಲೆಯನ್ನೆಲ್ಲ ಗುಡಿಸಿ ಸುಡುವುದನ್ನು ಕಂಡಾಗ. ಹುಳಗಳೆಲ್ಲ ಇರುವುದು ಆ ಎಲೆಗಳ ಅಡಿಯಲ್ಲೇ. ನಡೆಯುವ ದಾರಿ ಗುಡಿಸಲಿ, ಪೊದೆಗಳ ಕೆಳಗಿನದನ್ನಾದರೂ ಬಿಡಲಿ ಎಂದು ಪಾರ್ಕ್ ನೋಡಿಕೊಳ್ಳುವವರಿಗೆ ಹೇಳಿ ನೋಡಿ.

ಇನ್ನೊಂದು ಮಾತು. ವಲಸೆಯ ಈ ದಿನಗಳಲ್ಲಿ ನವರಂಗ ಕಿಟಕಿ ಗಾಜಿಗೆ ಬಡಿದು ಬೀಳುವುದುಂಟು. ಸಿಕ್ಕರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡರೆ ಹತ್ತಿರದ ಪೊದೆಯ ಬಳಿ ಬಿಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.