ಮನೆಯ ಕಂಪ್ಯೂಟರಿಗೆ ಆನ್‌ಲೈನ್ ಬ್ಯಾಕಪ್: ಆರಿಸುವ ಮುನ್ನ ನೋಡಬೇಕಾದ್ದು

ಬ್ಯಾಕಪ್ ಸೇವೆ ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಜಿಬಿಗೆ ಎಷ್ಟು ದುಡ್ಡು ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಡಿಸ್ಕ್ ಕೆಟ್ಟ ದಿನ ಯಾವ ಫೈಲ್, ಎಷ್ಟು ಹಳೆಯ ಪ್ರತಿ, ಎಷ್ಟು ಹೊತ್ತಿನಲ್ಲಿ ಕೈಗೆ ಬರುತ್ತದೆ ಎಂಬುದರ ಮೇಲೆ ಸೇವೆಯ ಬೆಲೆ ಕಟ್ಟಬೇಕು. ಈ ಟಿಪ್ಪಣಿ ಅದೇ ದಾರಿಯಲ್ಲಿ ಸಾಗುತ್ತದೆ.

ಸಿಂಕ್ ಬ್ಯಾಕಪ್ ಅಲ್ಲ

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮೂಲತಃ ಸಿಂಕ್ ಸೇವೆಗಳು. ಕಂಪ್ಯೂಟರಿನಲ್ಲಿ ಆದದ್ದೆಲ್ಲ ಸರ್ವರಿನಲ್ಲೂ ಆಗುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಹೊಕ್ಕು ಫೈಲುಗಳನ್ನು ಕೆಡಿಸಿದರೆ ಕೆಟ್ಟ ಪ್ರತಿಯೇ ಮೇಲಕ್ಕೆ ಹೋಗಿ ಒಳ್ಳೆಯದರ ಜಾಗದಲ್ಲಿ ಕೂರುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಫೈಲ್ 30 ದಿನ ಇರುತ್ತದೆ, ಆಮೇಲೆ ಇಲ್ಲ. ಬ್ಯಾಕಪ್ ಸೇವೆ ಪ್ರತಿಗಳನ್ನು ಒಂದೇ ದಿಕ್ಕಿನಲ್ಲಿ ಒಯ್ದು, ಹಳೆಯ ಆವೃತ್ತಿಗಳನ್ನು ಬೇರೆಯಾಗಿ ಇಟ್ಟಿರುತ್ತದೆ.

ಹಳೆಯ ಪ್ರತಿ ಎಷ್ಟು ಕಾಲ ಉಳಿಯುತ್ತದೆ?

ಇದು ಎಲ್ಲಕ್ಕಿಂತ ಮುಖ್ಯ, ಜಾಹೀರಾತಿನಲ್ಲಿ ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ ಇರುವುದೂ ಇದೇ. ಆದಾಯ ತೆರಿಗೆಯ ಕಾಗದಪತ್ರದ ಫೋಲ್ಡರನ್ನು ನಾವು ತೆರೆಯುವುದು ವರ್ಷಕ್ಕೊಮ್ಮೆ. ಮದುವೆಯ ಫೋಟೊ ನೋಡುವುದು ಇನ್ನೂ ಅಪರೂಪ. ಇವು ಮಾರ್ಚಿನಲ್ಲಿ ಅಕಸ್ಮಾತ್ ಅಳಿದರೆ ಗೊತ್ತಾಗುವುದು ಜುಲೈಯಲ್ಲಿ. 30 ದಿನ ಇಟ್ಟುಕೊಳ್ಳುವ ಸೇವೆ ಆಗ ಯಾವ ಉಪಯೋಗಕ್ಕೂ ಬರುವುದಿಲ್ಲ. ಕನಿಷ್ಠ ಒಂದು ವರ್ಷದ್ದು ಬೇಕು. ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಸೇವೆಯಲ್ಲಿ 30 ದಿನ, 1 ವರ್ಷ, ಶಾಶ್ವತ ಎಂಬ ಆಯ್ಕೆಗಳಿವೆ. ನಿಮ್ಮ ಖಾತೆಯಲ್ಲಿ ಯಾವುದು ಗುರುತಾಗಿದೆ ಎಂದು ಖಾತೆ ತೆರೆದ ದಿನವೇ ನೋಡಿಕೊಳ್ಳಿ.

ಕೆಲವು ಸೇವೆಗಳು ದಿನಗಳ ಬದಲು ಆವೃತ್ತಿಗಳನ್ನು ಎಣಿಸುತ್ತವೆ. ಐಡ್ರೈವ್ ಒಂದು ಫೈಲಿನ 30 ಆವೃತ್ತಿಗಳವರೆಗೆ ಇಡುತ್ತದೆ. ಫೋಟೊಗಳಿಗೆ ಇದು ಧಾರಾಳ, ಏಕೆಂದರೆ ಅವು ಬದಲಾಗುವುದಿಲ್ಲ. ಆದರೆ ದಿನಕ್ಕೆ ಹತ್ತು ಸಲ ಬ್ಯಾಕಪ್ ಆಗುವ ಲೆಕ್ಕದ ಫೈಲಿಗೆ 30 ಆವೃತ್ತಿ ಎಂದರೆ ಬರೀ ಮೂರು ದಿನ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದವರು ಇನ್ನೊಂದು ನಿಯಮ ಗಮನಿಸಬೇಕು. ಬ್ಯಾಕ್‌ಬ್ಲೇಜ್‌ನಲ್ಲಿ 30 ದಿನದ ಆಯ್ಕೆ ಇದ್ದು, ಡಿಸ್ಕನ್ನು 30 ದಿನ ಜೋಡಿಸದೆ ಬಿಟ್ಟರೆ, ಅದರಲ್ಲಿದ್ದದ್ದೆಲ್ಲ ಅಳಿಸಿದ ಫೈಲುಗಳ ಲೆಕ್ಕಕ್ಕೆ ಹೋಗಿ ಸರ್ವರಿನಿಂದಲೂ ತೆಗೆಯಲ್ಪಡುತ್ತದೆ. ಬೀರುವಿನಲ್ಲಿ ಇಟ್ಟ ಡಿಸ್ಕ್ ಸುರಕ್ಷಿತ ಎಂದುಕೊಂಡವರಿಗೆ ಇದು ತಿಳಿದಿರುವುದಿಲ್ಲ.

ಏನೇನು ಹೊರಗೆ ಉಳಿಯುತ್ತದೆ?

'ಎಲ್ಲವೂ ಬ್ಯಾಕಪ್' ಎಂದರೂ ವಿಂಡೋಸ್ ಫೋಲ್ಡರ್, ಪ್ರೋಗ್ರಾಂ ಫೈಲ್ಸ್, ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಸುವ ಇನ್ನೊಂದು ಕಂಪ್ಯೂಟರ್) ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲೊಂದು ತೊಡಕಿದೆ. ನುಡಿ, ಬರಹದ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆ ವಾಪಸ್ ಬಂದರೂ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್‌ಗಳು ಇರುವುದು ವಿಂಡೋಸ್ ಫೋಲ್ಡರಿನೊಳಗೆ, ಅಂದರೆ ಬ್ಯಾಕಪ್‌ನ ಹೊರಗೆ. ಬಳಸಿದ ಫಾಂಟ್ ಫೈಲುಗಳ ಒಂದು ಪ್ರತಿಯನ್ನು ಡಾಕ್ಯುಮೆಂಟ್ಸ್‌ನಲ್ಲೇ ಇಟ್ಟುಬಿಡಿ. ಕೂಡಿದರೆ ಹಳೆಯ ದಾಖಲೆಗಳನ್ನು ಯುನಿಕೋಡಿಗೆ ಬದಲಿಸಿಕೊಳ್ಳಿ.

ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ಬಳಸುವವರು ತೆರೆದಿರುವ ಡೇಟಾ ಫೋಲ್ಡರನ್ನು ಮಾತ್ರ ನಂಬಬೇಡಿ. ಬರೆಯುತ್ತಿರುವಾಗಲೇ ನಕಲಾದ ಫೈಲುಗಳು ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಆನ್‌ಲೈನ್ ಬ್ಯಾಕಪ್‌ಗೆ ಸೇರಿರುವ ಯಾವುದಾದರೂ ಫೋಲ್ಡರಿಗೆ ಅದರ ಪ್ರತಿ ಬೀಳುವಂತೆ ಮಾಡಿ.

ಲಿನಕ್ಸ್ ಇದ್ದವರಿಗೆ: ಅಲ್ಲಿ ಫೈಲಿನ ಹೆಸರಿಗೆ ಸಾಮಾನ್ಯ ಮಿತಿ 255 ಬೈಟ್. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಮೂರು ಸಂಕೇತ (ಕ, ವಿರಾಮ ಚಿಹ್ನೆ, ಷ) ಸೇರಿದ 'ಕ್ಷ'ದಂಥ ಒತ್ತಕ್ಷರಕ್ಕೆ 9. ಕನ್ನಡದಲ್ಲಿ ಉದ್ದನೆಯ ಹೆಸರಿಟ್ಟ ಫೈಲುಗಳು ವಿಂಡೋಸಿನಿಂದ ಲಿನಕ್ಸಿಗೆ ಬರುವಾಗ ಎಡವುವುದು ಇದರಿಂದಲೇ.

ಮೊದಲ ಅಪ್‌ಲೋಡಿನ ಲೆಕ್ಕ

1 ಎಂಬಿಪಿಎಸ್ ಅಪ್‌ಲೋಡ್ ವೇಗಕ್ಕೆ ದಿನಕ್ಕೆ 10.8 ಜಿಬಿ. ಇದೊಂದು ನೆನಪಿದ್ದರೆ ಸಾಕು. 10 ಎಂಬಿಪಿಎಸ್ ಇದ್ದು 500 ಜಿಬಿ ಕಳಿಸಬೇಕಾದರೆ ಲೆಕ್ಕದಲ್ಲಿ ಐದು ದಿನದೊಳಗೆ ಮುಗಿಯಬೇಕು. ಕರೆಂಟು ಹೋಗುವುದು, ಲ್ಯಾಪ್‌ಟಾಪ್ ಮಲಗುವುದು ಎಲ್ಲ ಸೇರಿಸಿ ಹತ್ತು ದಿನ ಎಂದುಕೊಳ್ಳಿ. ಪವರ್ ಸೆಟ್ಟಿಂಗಿನಲ್ಲಿ, ಚಾರ್ಜರ್ ಹಾಕಿರುವಾಗ ಸ್ಲೀಪ್ ಆಗದಂತೆ ಮಾಡಿ. ಫೈಬರ್ ಪ್ಲಾನಿನ ತಿಂಗಳ ಡೇಟಾ ಮಿತಿಯಲ್ಲಿ ಅಪ್‌ಲೋಡ್ ಕೂಡ ಸೇರುತ್ತದೆಯೇ ಎಂದು ಮೊದಲೇ ಕೇಳಿ. ಮಿತಿ ದಾಟಿದರೆ ವೇಗ ಕುಸಿದು ಉಳಿದ ಕೆಲಸ ತೆವಳುತ್ತದೆ. ಮೊದಲು ಡಾಕ್ಯುಮೆಂಟ್ಸ್, ಆಮೇಲೆ ಫೋಟೊ, ಕೊನೆಗೆ ವಿಡಿಯೊ. ಸಿನಿಮಾ ಫೈಲುಗಳನ್ನು ಪಟ್ಟಿಯಿಂದಲೇ ತೆಗೆಯಿರಿ.

ಕೀಲಿ ಯಾರ ಕೈಯಲ್ಲಿ?

ಫೈಲುಗಳಿಗೆ ಹಾಕುವ ಗೂಢಲಿಪಿಯ ಬೀಗಕ್ಕೆ ನಿಮ್ಮದೇ ಖಾಸಗಿ ಕೀಲಿ, ಅಂದರೆ ನೀವೇ ಆರಿಸಿದ ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಇಟ್ಟರೆ ಕಂಪನಿಯವರಿಗೂ ಫೈಲ್ ಓದಲಾಗದು. ಆದರೆ ಆ ಪಾಸ್‌ಫ್ರೇಸ್ ಮರೆತರೆ ಡೇಟಾ ಹೋಯಿತೆಂದೇ ಲೆಕ್ಕ, ಯಾವ ಸಹಾಯವಾಣಿಯೂ ತೆಗೆದುಕೊಡುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಕಂಪ್ಯೂಟರಿನಲ್ಲಿ ಮಾತ್ರ ಉಳಿಸಿದರೆ ಡಿಸ್ಕಿನ ಜೊತೆ ಕೀಲಿಯೂ ಹೋಗುತ್ತದೆ. ಬ್ಯಾಕ್‌ಬ್ಲೇಜ್‌ನಲ್ಲಿ ವೆಬ್ ಮೂಲಕ ಫೈಲುಗಳನ್ನು ರಿಸ್ಟೋರ್ ಮಾಡುವಾಗ (ವಾಪಸ್ ಪಡೆಯುವಾಗ) ಪಾಸ್‌ಫ್ರೇಸನ್ನು ಅವರ ಸೈಟಿನಲ್ಲಿ ನಮೂದಿಸಬೇಕಾಗುತ್ತದೆ. ಅದು ಬೇಡವೆನ್ನುವವರಿಗೆ ರೆಸ್ಟಿಕ್, ಆರ್ಕ್‌ನಂಥ ತಂತ್ರಾಂಶವಿದೆ. ಇವು ನಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿ, ಅಲ್ಲೇ ತೆಗೆಯುತ್ತವೆ. ಜಾಗವನ್ನು ಬೇರೆ ಕಡೆ ಬಾಡಿಗೆಗೆ ಪಡೆಯಬೇಕು. ಅಲ್ಲಿ ಬರೀ ಇಡುವ ದರ ನೋಡಿ ಮರುಳಾಗಬೇಡಿ. ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್ ಇಡಲು ಬಲು ಅಗ್ಗ, ಆದರೆ 180 ದಿನದ ಕನಿಷ್ಠ ಬಾಡಿಗೆ ಇದೆ, ಫೈಲ್ ಹೊರಬರಲು ಸಾಮಾನ್ಯ ಕ್ರಮದಲ್ಲಿ 12 ಗಂಟೆಯವರೆಗೆ ಕಾಯಬೇಕು, ಇಳಿಸಿಕೊಳ್ಳುವುದಕ್ಕೆ ಬೇರೆ ದುಡ್ಡು.

ಹಣ ಕಟ್ಟುವುದು

ಭಾರತದ ಕಾರ್ಡುಗಳಿಗೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಕಡಿತವಾಗುವ ಪಾವತಿಗೆ ಮೊದಲೇ ಕೊಡುವ ಒಪ್ಪಿಗೆ) ನಿಯಮ ಬಂದ ಮೇಲೆ, ವಿದೇಶಿ ಸೇವೆಗಳ ತಾನಾಗಿ ನವೀಕರಣವಾಗುವ ಪಾವತಿ ಎಷ್ಟೋ ಸಲ ತಿರಸ್ಕೃತವಾಗುತ್ತದೆ. ಎಚ್ಚರಿಕೆಯ ಮೇಲ್ ಸ್ಪ್ಯಾಮಿಗೆ ಬಿದ್ದರೆ, ವಾಯಿದೆ ಮುಗಿದು ಡೇಟಾ ಅಳಿಸುತ್ತಾರೆ. ನವೀಕರಣದ ದಿನಕ್ಕೆ ಎರಡು ವಾರ ಮುಂಚೆ ಫೋನಿನಲ್ಲಿ ನೆನಪಿನ ಗಂಟೆ ಇಟ್ಟು, ಕೈಯಾರೆ ಕಟ್ಟಿ.

ಸೇವೆಯೇ ನಿಂತುಹೋಗುವುದೂ ಉಂಟು. ಕ್ರ್ಯಾಶ್‌ಪ್ಲಾನ್ ಮನೆಬಳಕೆಯ ಸೇವೆ ಮುಚ್ಚುವುದಾಗಿ 2017ರ ಆಗಸ್ಟ್‌ನಲ್ಲಿ ಹೇಳಿ, 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆದ್ದರಿಂದ ಆನ್‌ಲೈನ್ ಪ್ರತಿಯ ಜೊತೆಗೆ ಮನೆಯಲ್ಲೊಂದು ಹಾರ್ಡ್ ಡಿಸ್ಕ್ ಪ್ರತಿ ಇರಲೇಬೇಕು.

ತೆಗೆದು ನೋಡುವುದು

ಉಚಿತ ಪರೀಕ್ಷಾ ಅವಧಿಯನ್ನು ಅಪ್‌ಲೋಡಿಗಷ್ಟೇ ಕಳೆಯಬೇಡಿ. ಒಂದು ಸಣ್ಣ ಫೋಲ್ಡರ್ ಮಾಡಿ: ಕೆಲವು ಫೋಟೊ, ನುಡಿಯ ಒಂದು ದಾಖಲೆ, ಕನ್ನಡ ಹೆಸರಿನ ಒಂದು ಪಿಡಿಎಫ್, ಟ್ಯಾಲಿಯ ಒಂದು ಬ್ಯಾಕಪ್. ಅದು ಮೇಲಕ್ಕೆ ಹೋದ ಮೇಲೆ ಒಂದು ಫೈಲನ್ನು ತಿದ್ದಿ, ಇನ್ನೊಂದನ್ನು ಅಳಿಸಿ, ಒಂದು ದಿನ ಬಿಡಿ. ಬಳಿಕ ಬೇರೊಂದು ಕಂಪ್ಯೂಟರಿನಲ್ಲಿ, ಕಾಗದದಲ್ಲಿ ಬರೆದಿಟ್ಟ ಪಾಸ್‌ಫ್ರೇಸನ್ನೇ ನೋಡಿಕೊಂಡು, ತಿದ್ದುವ ಮೊದಲಿನ ಪ್ರತಿಯನ್ನೂ ಅಳಿಸಿದ್ದನ್ನೂ ಇಳಿಸಿ. ಪ್ರತಿಯೊಂದನ್ನೂ ತೆರೆದು ನೋಡಿ. ಹೆಸರು ಕಂಡರೆ ಸಾಲದು. ಇಳಿಯುವ ವೇಗವನ್ನೂ ಗುರುತಿಸಿ: 500 ಜಿಬಿ 100 ಎಂಬಿಪಿಎಸ್‌ನಲ್ಲಿ ಪೂರ್ತಿ ಇಳಿಯಲು ಸುಮಾರು 11 ಗಂಟೆ ಬೇಕು, ಸರ್ವರ್ ಕೊಡುವ ವೇಗ ಅದರ ಕಾಲುಭಾಗವಾದರೆ ಸುಮಾರು ಎರಡು ದಿನ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಸೇವೆಗಳ ನಡುವೆ ಮಾತ್ರ ಬೆಲೆ ಹೋಲಿಸಿ.