ಪಾಂಪೇಯನ್ನು ಪೂರ್ತಿ ಯಾಕೆ ಅಗೆದಿಲ್ಲ?

2010ರ ನವೆಂಬರ್ 6ರ ಮುಂಜಾನೆ ಇಟಲಿಯ ಪಾಂಪೇ ಎಂಬ, ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಪ್ರಾಚೀನ ರೋಮನ್ ಊರಲ್ಲಿ ಸ್ಕೋಲಾ ಅರ್ಮತುರಾರುಮ್ ಎಂಬ ಕಟ್ಟಡ ಕುಸಿದು ಬಿತ್ತು. ಪ್ರವಾಸಿಗರು ಬರುವ ಹೊತ್ತಾಗಿರಲಿಲ್ಲ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಆದರೆ ಬೂದಿಯಡಿ 1800 ವರ್ಷಕ್ಕೂ ಜಾಸ್ತಿ ಉಳಿದಿದ್ದು, ಹೊರಗೆ ಬಂದ ಮೇಲೆ ನೂರು ವರ್ಷ ಕೂಡ ಬಾಳಲಿಲ್ಲವಲ್ಲ!

ಕ್ರಿ.ಶ. 79ರಲ್ಲಿ ಪಕ್ಕದ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಮೊದಲು ಹಗುರವಾದ ಜ್ವಾಲಾಮುಖಿ ಕಲ್ಲು ಗಂಟೆಗಟ್ಟಲೆ ಸುರಿಯಿತು. ಭಾರಕ್ಕೆ ಚಾವಣಿಗಳು ಮುರಿದವು. ಆಮೇಲೆ ಸುಡುವ ಅನಿಲ, ಬೂದಿ ಒಟ್ಟಿಗೆ ನುಗ್ಗಿ ಊರಲ್ಲಿ ಉಳಿದವರನ್ನು ಕೊಂದವು. ಅದೇ ಬೂದಿ ಮಳೆ ಬಿಸಿಲು ತಾಗದಂತೆ ಊರನ್ನು ಮುಚ್ಚಿಟ್ಟಿತು. ಒಂದೇ ಬೇಕರಿಯ ಒಲೆಯಲ್ಲಿ 81 ಬ್ರೆಡ್ಡು ಸಿಕ್ಕವು. ಕರಕಲಾಗಿದ್ದರೂ ಆಕಾರ ಕೆಟ್ಟಿರಲಿಲ್ಲ.

1748ರಲ್ಲಿ ನೇಪಲ್ಸ್‌ನ ದೊರೆ ಕಾರ್ಲೋ ಇಲ್ಲಿ ಅಗೆಸಲು ಶುರು ಮಾಡಿದ್ದು ಅರಮನೆಗೆ ತಕ್ಕ ಶಿಲ್ಪ, ಚಿತ್ರ ಸಿಗಲಿ ಅಂತ. ಗೋಡೆಯ ಚಿತ್ರಗಳನ್ನು ಕತ್ತರಿಸಿ ಒಯ್ದರು. ಇದು ಪಾಂಪೇ ಅಂತ ಖಾತ್ರಿಯಾದದ್ದೇ 1763ರಲ್ಲಿ, ಒಂದು ಶಾಸನ ಸಿಕ್ಕ ಮೇಲೆ.

ಆಮೇಲೆ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಬಂದು ಅಗೆಯುವ ಪದ್ಧತಿ ಬದಲಾಯಿಸಿದ. ಪಕ್ಕದಿಂದ ಕೊರೆಯುವುದನ್ನು ಬಿಟ್ಟು ಮೇಲಿನಿಂದ ಪದರ ಪದರವಾಗಿ ಅಗೆಸಿದ. ಗಟ್ಟಿಯಾದ ಬೂದಿಯೊಳಗೆ ಅಲ್ಲಲ್ಲಿ ಟೊಳ್ಳು ಸಿಗುತ್ತಿತ್ತು. ಸತ್ತವರ ದೇಹ ಕರಗಿ ಖಾಲಿಯಾದ ಜಾಗ ಅದು. 1863ರಲ್ಲಿ ಅದರೊಳಗೆ ಪ್ಲಾಸ್ಟರ್ ಹುಯ್ಯಿಸಿದ. ಅದು ಗಟ್ಟಿಯಾದ ಮೇಲೆ ಸುತ್ತಲಿನ ಬೂದಿ ಕೆರೆದರೆ ಎದುರಿಗೆ ಮನುಷ್ಯನೇ: ಬಟ್ಟೆಯ ನೆರಿಗೆ, ಮಡಚಿದ ಕಾಲು, ಮುಖ ಮುಚ್ಚಿಕೊಂಡ ಕೈ. ಅದಕ್ಕೂ ಮುಂಚಿನ ನೂರು ವರ್ಷದ ಅಗೆತದಲ್ಲಿ ಇಂಥ ಎಷ್ಟು ಟೊಳ್ಳುಗಳು ಗುದ್ದಲಿಗೆ ಒಡೆದು ಹೋದವೋ! ನೆನೆದರೆ ಸಂಕಟವಾಗುತ್ತದೆ.

ಸ್ಕೋಲಾ ಕಟ್ಟಡ ಹೊರಬಂದದ್ದು 1915ರ ಸುಮಾರಿಗೆ. 1943ರಲ್ಲಿ ಮಿತ್ರಪಡೆಗಳ ಬಾಂಬು ಪಾಂಪೇಯ ಮೇಲೂ ಬಿತ್ತು, ಈ ಕಟ್ಟಡಕ್ಕೂ ಪೆಟ್ಟಾಯಿತು. ರಿಪೇರಿಗೆ ಅಂತ ಮೇಲೆ ಕಾಂಕ್ರೀಟ್ ಚಾವಣಿ ಹಾಕಿದರು. ಹಳೆಯ ಗೋಡೆಗೆ ಆ ಭಾರ, ಅದರ ಮೇಲೆ ಮಳೆನೀರು. 2010ರಲ್ಲಿ ಬಿದ್ದದ್ದಕ್ಕೆ ಜ್ವಾಲಾಮುಖಿ ಕಾರಣವಲ್ಲ. ಕಾಪಾಡಲು ಹೊರಟವರ ಕೆಲಸವೇ ಅದನ್ನು ಕೆಡವಿತು.

ಆಮೇಲೆ ಇಟಲಿ ಮತ್ತು ಯುರೋಪಿಯನ್ ಒಕ್ಕೂಟ ಸೇರಿ 10.5 ಕೋಟಿ ಯೂರೋಗಳ ಯೋಜನೆ ಹಾಕಿಕೊಂಡವು. ಗೋಡೆಗಳಿಗೆ ಆಸರೆ ಕೊಟ್ಟರು, ಮಳೆನೀರಿಗೆ ದಾರಿ ಮಾಡಿದರು. ಅಗೆಯದ ಕಡೆಯ ಮಣ್ಣಿನ ದಿಬ್ಬ ಅಗೆದ ಮನೆಗಳ ಮೇಲೆ ಒತ್ತುತ್ತಿತ್ತು, ಅದನ್ನು ಇಳಿಜಾರು ಮಾಡಿದರು.

ಸುಮಾರು 66 ಹೆಕ್ಟೇರ್ ಊರಲ್ಲಿ ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿ ಇದೆ. ಸದ್ಯಕ್ಕೆ ಹಾಗೇ ಇರಲಿ ಅನ್ನುವುದೇ ನನ್ನ ಅಭಿಪ್ರಾಯ. ಅಗೆಯಲೇಬೇಕಾದ ಕಡೆ ನಿಧಾನವಾಗಿ ಅಗೆದರೆ ಏನು ಸಿಗುತ್ತದೆ ಅನ್ನುವುದು 2018ರಲ್ಲಿ ಗೊತ್ತಾಯಿತು. ಆ ದಿಬ್ಬ ಸರಿಮಾಡುವಾಗಲೇ ಒಂದು ಮನೆಯ ಗೋಡೆಯಲ್ಲಿ ಇದ್ದಿಲಿನ ಬರಹ ಸಿಕ್ಕಿತು. ಅದರಲ್ಲಿದ್ದ ದಿನಾಂಕ ಅಕ್ಟೋಬರ್ 17. ಸ್ಫೋಟವಾದದ್ದು ಆಗಸ್ಟ್ 24ಕ್ಕೆ ಎಂದು ಅಲ್ಲಿಯವರೆಗೆ ಪುಸ್ತಕಗಳಲ್ಲಿ ಓದುತ್ತಿದ್ದದ್ದನ್ನೇ ಆ ಒಂದು ಸಾಲು ಅಲುಗಾಡಿಸಿತು. ಕೈ ಸೋಕಿದರೆ ಅಳಿಸಿಹೋಗುವ ಇದ್ದಿಲು ಅದು. ದೊರೆಗೆ ಶಿಲ್ಪ ಹುಡುಕುತ್ತಿದ್ದ ಕಾಲದಲ್ಲಿ ಅಗೆದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.